ಚೆಲ್ಲಿದ್ದು ಹೇಳಿದವರಿಗೇ ದಂಡ ಹಾಕಿದ್ರೆ ಪಿಸಿ ಉಳಿಯಲ್ಲ ಗುರು

(1/6)
ಎಷ್ಟೋ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ಬಾಗಿಲಲ್ಲಿ ಎರಡು ಬೋರ್ಡ್ ಇರುತ್ತೆ. ಒಂದು, "ಚಪ್ಪಲಿ ಹೊರಗೆ ಬಿಡಿ." ಇನ್ನೊಂದು, "ಹಾಳು ಮಾಡಿದವರಿಂದ ಪೂರ್ತಿ ಹಣ ವಸೂಲಿ." ಮೊದಲನೇದಕ್ಕೆ ನಂದೇನೂ ತಕರಾರಿಲ್ಲ. ಎರಡನೇದು ಪಿಸಿ ಉಳಿಸೋಕೆ ಅಂತ ಹಾಕಿರೋದು, ಆದ್ರೆ ಅದೇ ಪಿಸಿಗಳನ್ನ ಕೊಲ್ತಾ ಇದೆ. ಯಾಕೆ ಅಂತ ಹೇಳ್ತೀನಿ. ಆರೂ ಪೋಸ್ಟ್ ಓದಿ, ಆಮೇಲೆ ಕಾಮೆಂಟಲ್ಲಿ ಬೈಯಿರಿ.

(2/6)
ಅರ್ಧ ಲೋಟ ಟೀ ಸಿಪಿಯು ಬಾಕ್ಸ್ ಮೇಲೆ ಬಿತ್ತು ಅಂದ್ಕೊಳ್ಳಿ. ಗಾಳಿ ಆಡ್ಲಿ ಅಂತ ಬಿಟ್ಟಿರೋ ತೂತಿಂದ ನೇರ ಮದರ್‌ಬೋರ್ಡ್ ಮೇಲೆ ಇಳಿಯುತ್ತೆ. ಶುದ್ಧ ನೀರಲ್ಲಿ ಕರೆಂಟ್ ಅಷ್ಟಾಗಿ ಹರಿಯಲ್ಲ. ಆದ್ರೆ ನಾವು ಕುಡಿಯೋ ಬೋರ್‌ವೆಲ್ ನೀರಲ್ಲಿ ಲವಣ ಇದೆ, ಟೀಯಲ್ಲಿ ಹಾಲು ಸಕ್ಕರೆ ಬೇರೆ. ಒಳಗೆ ಕರೆಂಟ್ ಇರೋವಾಗ ಇದು ಸೇರಿದ್ರೆ ಶಾರ್ಟ್ ಆಗಬಹುದು. ಶಾರ್ಟ್ ಆಗದೇ ಇದ್ರೂ ಕೂದಲಷ್ಟು ಸಣ್ಣ ತಾಮ್ರದ ಗೆರೆಗಳು ನಿಧಾನಕ್ಕೆ ತುಕ್ಕು ಹಿಡಿದು ಹೋಗ್ತವೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಶಟ್‌ಡೌನ್ ಕೊಟ್ರೂ ಕರೆಂಟ್ ಪೂರ್ತಿ ನಿಲ್ಲಲ್ಲ. ಪ್ಲಗ್ ಆನ್ ಇರೋವರೆಗೂ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಹೋಗ್ತಾನೇ ಇರುತ್ತೆ.

(3/6)
ಈಗ ಚೆಲ್ಲಿದ ಹುಡುಗನ ತಲೆಯೊಳಗೆ ಏನು ಓಡ್ತಿರುತ್ತೆ? "ಪೂರ್ತಿ ಹಣ ವಸೂಲಿ." ಅಪ್ಪನಿಗೆ ಏನಂತ ಹೇಳೋದು? ಸುತ್ತ ನೋಡ್ತಾನೆ, ಕರ್ಚೀಫಲ್ಲಿ ಮೇಲೆ ಮೇಲೆ ಒರೆಸ್ತಾನೆ, ಶಟ್‌ಡೌನ್ ಒತ್ತಿ ಪಕ್ಕದ ಸೀಟಿಗೆ ಹೋಗಿ ಕೂರ್ತಾನೆ. ಪ್ಲಗ್ ಹಾಗೇ ಇದೆ, ಟೀ ಒಳಗೇ ಇದೆ. ಮಧ್ಯಾಹ್ನದ ಬ್ಯಾಚ್ ಬಂದು ಪವರ್ ಬಟನ್ ಒತ್ತುತ್ತೆ. ಮುಗೀತು ಕಥೆ. ಉಳಿಯಬಹುದಾಗಿದ್ದ ಪಿಸಿ ಹೋಯ್ತು, ಬೈಗುಳ ಮಾತ್ರ ಏನೂ ಮಾಡದವರಿಗೆ.

ಅವನನ್ನ ಹೇಡಿ ಅನ್ನೋದು ಸುಲಭ. ಬಾಯಿ ಬಿಟ್ರೆ ಸಾವಿರಾರು ರೂಪಾಯಿ, ಮುಚ್ಚಿಟ್ರೆ ಸೊನ್ನೆ ಅಂದ್ರೆ ಎಷ್ಟು ಜನ ಬಾಯಿ ಬಿಡ್ತಾರೆ ಹೇಳಿ?

(4/6)
ಬಿಕಾಂ ಲೆಕ್ಕಕ್ಕೆ ಬರೋಣ. ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಸವಕಳಿ 40%, ಡಬ್ಲ್ಯುಡಿವಿ ಮೆಥಡ್. 40,000 ರೂಪಾಯಿ ಪಿಸಿ ಅಂದ್ರೆ ವರ್ಷ ಕಳೆದ್ರೆ 24,000. ಎರಡು ವರ್ಷಕ್ಕೆ 14,400. ಮೂರಕ್ಕೆ 8,640. ನಾಲ್ಕಕ್ಕೆ 5,184. ಇದನ್ನ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆಸ್ತಾರೆ, ತಪ್ಪು ಮಾಡಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ. ಅದೇ ಬಿಲ್ಡಿಂಗ್‌ನ ಲ್ಯಾಬಲ್ಲಿ ನಾಲ್ಕು ವರ್ಷ ಹಳೇ ಪಿಸಿಗೆ ಹೊಸದರ ರೇಟು ವಸೂಲಿ ಮಾಡಿದ್ರೆ ಅದು ಯಾವ ಅಕೌಂಟಿಂಗ್ ಸ್ವಾಮಿ?

"ದಂಡ ಇಲ್ಲ ಅಂದ್ರೆ ಹುಡುಗ್ರು ಹದ್ದುಬಸ್ತಲ್ಲಿ ಇರಲ್ಲ" ಅಂತೀರಾ? ಸರಿ, ದಂಡ ಇರಲಿ. ಲೋಟ, ಬಾಟಲ್ ಒಳಗೆ ತಂದಿದ್ದಕ್ಕೆ ಸಣ್ಣ ದಂಡ, ಮುಚ್ಚಿಟ್ಟಿದ್ದಕ್ಕೆ ದೊಡ್ಡ ದಂಡ. ತಕ್ಷಣ ಹೇಳಿದವರಿಂದ ಪಿಸಿ ದುಡ್ಡು ಕೇಳ್ಬೇಡಿ. ಸಿಪಿಯು ನೆಲದ ಮೇಲಿಟ್ಟು ಪಕ್ಕದಲ್ಲೇ ಬಕೆಟ್ ತಂದು ನೆಲ ಒರೆಸ್ತಾರಲ್ಲ, ಆ ನೀರಿಗೆ ಯಾರ ಹೆಸರಲ್ಲಿ ರಸೀದಿ ಹರೀತೀರಾ?

(5/6)
ಸರಿ, ಚೆಲ್ತು. ಏನ್ ಮಾಡ್ಬೇಕು? ಸೇವ್ ಮಾಡ್ಕೊಂಡು ಸಾಕಿ.

▪ ಸ್ವಿಚ್‌ಬೋರ್ಡ್, ವೈರ್ ಒದ್ದೆ ಆಗಿದ್ರೆ ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿಸಿ. ಒಣಗಿದ್ರೆ ಗೋಡೆ ಸ್ವಿಚ್ ಆಫ್ ಮಾಡಿ, ಒಣ ಕೈಯಲ್ಲಿ ಪವರ್ ವೈರ್ ಕಿತ್ತುಬಿಡಿ.
▪ ಲ್ಯಾಬ್ ಸರ್‌ಗೆ ಏನು ಬಿತ್ತು ಅಂತ ಹೇಳಿ. ನೀರಾದ್ರೆ ಒಂದು ಕಥೆ, ಸಕ್ಕರೆ ಇರೋ ಟೀ, ಜ್ಯೂಸ್ ಆದ್ರೆ ಬೇರೆ ಕಥೆ. ಒಣಗಿದ ಮೇಲೂ ಅಂಟು ಉಳಿಯುತ್ತೆ, ಅದನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೀಬೇಕು.
▪ ಗೊತ್ತಿರೋರು ಬಾಕ್ಸ್ ತೆಗೆದು ಮದರ್‌ಬೋರ್ಡ್ ಮೇಲಿನ 3 ವೋಲ್ಟ್ ಬಟನ್ ಸೆಲ್, ರ‍್ಯಾಮ್, ಹಾರ್ಡ್ ಡಿಸ್ಕ್ ಬೇರೆ ಮಾಡ್ಲಿ. ಪಿಸಿ ಹೋದ್ರೆ ಇನ್ನೊಂದು ಬರುತ್ತೆ, ನಿಮ್ಮ ಪ್ರಾಜೆಕ್ಟ್ ಆ ಡಿಸ್ಕಲ್ಲಿದೆ.
▪ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಜೀವಕ್ಕೇ ಅಪಾಯ ಆಗುವಷ್ಟು ಚಾರ್ಜ್ ಇರಬಹುದು. ಅದರೊಳಗೆ ನೀರು ಹೋಗಿದ್ರೆ ಹೊಸದು ಹಾಕಿಸಿ.
▪ ಅಕ್ಕಿ ಮೂಟೆ ಬೇಡ, ಅದು ಧೂಳು ಬಿಡುತ್ತೆ ಅಷ್ಟೇ. ಬಿಸಿ ಹೇರ್ ಡ್ರೈಯರ್ ಬೇಡ, ನೀರನ್ನ ಚಿಪ್ ಅಡಿಗೆ ತಳ್ಳುತ್ತೆ. ಫ್ಯಾನ್ ಗಾಳಿ ಸಾಕು, ಕನಿಷ್ಠ ಒಂದೆರಡು ದಿನ.
▪ "ಒಂದ್ಸಲ ಆನ್ ಮಾಡಿ ನೋಡೋಣ" ಅನ್ನೋನ ಕೈ ಹಿಡ್ಕೊಳ್ಳಿ.

(6/6)
ಎರಡನೇ ಬೋರ್ಡ್ ಇಳಿಸಿ ಇದನ್ನ ಹಾಕಿ: "ಏನಾದ್ರೂ ಚೆಲ್ಲಿದ್ರೆ ಸ್ವಿಚ್ ಆಫ್ ಮಾಡಿ, ತಕ್ಷಣ ಹೇಳಿ. ಹೇಳಿದವರಿಂದ ಹಣ ಕೇಳುವುದಿಲ್ಲ." ಒಂದು ಶೀಟ್, ಒಂದು ಪ್ರಿಂಟ್. ಖರ್ಚು ಎರಡು ರೂಪಾಯಿ.

ನಿಮ್ಮ ಲ್ಯಾಬ್ ಬಾಗಿಲಲ್ಲಿ ಏನು ಬರೆದಿದೆ? ಕಾಮೆಂಟ್ ಹಾಕಿ. ಕ್ಲಾಸ್ ರೆಪ್ ಅನ್ನ ಟ್ಯಾಗ್ ಮಾಡಿ.

#ಬಿಕಾಂಲೈಫ್ #ಕಂಪ್ಯೂಟರ್‌ಲ್ಯಾಬ್ #ಚೆಲ್ಲಿದ್ರೆಹೇಳಿ