ದಾದಿಯರಿಗೆ ಸನ್ಮಾನಕ್ಕಿಂತ ಮೊದಲು ಬೇಕಾದುದು ಆಸರೆ

ಮೇ 12ರ ಅಂತಾರಾಷ್ಟ್ರೀಯ ದಾದಿಯರ ದಿನ ಬಂತೆಂದರೆ ನಮ್ಮ ಕೆಲವು ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಹಿರಿಯ ದಾದಿಯರಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಯಿತ್ತು ಗೌರವಿಸುವುದುಂಟು. ಮೂರು ದಶಕ ರಾತ್ರಿ ಪಾಳಿ ಮಾಡಿದ ಜೀವಗಳಿಗೆ ಸಲ್ಲುವ ಈ ಗೌರವ ಸ್ತುತ್ಯರ್ಹವೇ ಸರಿ. ಆದರೆ ಅದೇ ವಾರ ಮತ್ಸ್ಯಗಂಧ ರೈಲಿನಿಂದ ಕುರ್ಲಾ ಟರ್ಮಿನಸ್‌ನಲ್ಲಿ ಇಳಿದು, ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು ಹಿಡಿದು ನಿಂತ ಇಪ್ಪತ್ತೆರಡರ ಹುಡುಗಿಯನ್ನು ವಿಚಾರಿಸಿಕೊಳ್ಳಲು ನಮ್ಮ ಪೈಕಿ ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗಿದೆ.

ಹೊರನಾಡ ಕನ್ನಡಿಗರಿಗೆ ಇದು ಹೊಸ ಜವಾಬ್ದಾರಿಯೇನಲ್ಲ. ಹಿಂದೆ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ಬಂದ ಹುಡುಗನಿಗೆ ರಾತ್ರಿ ಶಾಲೆಯ ಬೆಂಚು ತೋರಿಸಿದವರು ನಾವೇ. ಊರಿನವರ ಕೋಣೆಯಲ್ಲಿ ಚಾಪೆ ಹಾಸಲು ಜಾಗ, ತಿಂಗಳ ಮಟ್ಟಿಗೆ ಊಟ, ಒಂದು ಶಿಫಾರಸಿನ ಮಾತು, ಇಷ್ಟರಿಂದಲೇ ಎಷ್ಟೋ ಬದುಕುಗಳು ಇಲ್ಲಿ ನೆಲೆ ಕಂಡವು. ಇಂದು ಬರುವವರು ಕಲಿತು ಬರುತ್ತಾರೆ. ಮೂರು ವರ್ಷದ ಜಿಎನ್ಎಂ ಇಲ್ಲವೇ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಮುಗಿಸಿರುತ್ತಾರೆ. ಅವರಲ್ಲಿ ಹುಡುಗರೂ ಇದ್ದಾರೆ. ಕಲಿತವರಿಗೆ ನೆರವು ಬೇಡವೆಂದು ನಾವು ಭಾವಿಸಿಬಿಟ್ಟಿದ್ದೇವೆ. ಅದು ತಪ್ಪು.

ಮೊದಲ ತೊಡಕು ಕಾಗದಪತ್ರದ್ದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡವರು ಮಹಾರಾಷ್ಟ್ರದ ಆಸ್ಪತ್ರೆಯಲ್ಲಿ ದುಡಿಯಬೇಕಾದರೆ ಇಲ್ಲಿನ ಕೌನ್ಸಿಲ್‌ನಲ್ಲೂ ನೋಂದಣಿ ಮಾಡಿಸಿಕೊಳ್ಳಬೇಕು. ಅದಕ್ಕೆ ತವರು ರಾಜ್ಯದ ಕೌನ್ಸಿಲ್‌ನ ನಿರಾಕ್ಷೇಪಣಾ ಪತ್ರ ಬೇಕು. 'ನಮ್ಮ ಕಡೆಯ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲವಂತೆ' ಎಂಬ ಮಾತು ಕೇಳಿ ಕಂಗಾಲಾಗುವವರಿದ್ದಾರೆ. ಮಾನ್ಯತೆ ಪಡೆದ ವಿದ್ಯಾರ್ಹತೆ ಯಾವುದೇ ರಾಜ್ಯದ ನೋಂದಣಿಗೆ ಸಾಕೆಂದು 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯೇ ಹೇಳಿತ್ತು. ಅದರ ಜಾಗಕ್ಕೆಂದು ಸಂಸತ್ತು 2023ರಲ್ಲಿ ಒಪ್ಪಿದ ಹೊಸ ಕಾಯ್ದೆ ರಾಷ್ಟ್ರಮಟ್ಟದ ನೋಂದಣಿ ಪುಸ್ತಕಕ್ಕೂ ಅವಕಾಶವಿತ್ತಿದೆ. ಅರ್ಹತೆಯ ಬಗ್ಗೆ ಸಂಶಯ ಬೇಡ. ತಡವಾಗುವುದು ವಿಧಿವಿಧಾನದಲ್ಲಿ.

ಅದರಲ್ಲೂ ಹೆಸರಿನ ತಾಪತ್ರಯ ನಮ್ಮವರಿಗೆ ಹೆಚ್ಚು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ತಂದೆಯ ಪೂರ್ತಿ ಹೆಸರು, ಡಿಪ್ಲೊಮಾದಲ್ಲಿ ಮನೆತನದ ಹೆಸರು! ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವೇ ರೂಢಿಯಾಗಿರುವ ಮಹಾರಾಷ್ಟ್ರದಲ್ಲಿ ಈ ಮೂರೂ ಒಬ್ಬಳೇ ಎಂದು ಸಾಬೀತುಪಡಿಸುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಅಷ್ಟರವರೆಗೆ 'ಟ್ರೈನಿ' ಎಂಬ ಹಣೆಪಟ್ಟಿ, ಅರೆ ಸಂಬಳ. ನೋಂದಣಿಯನ್ನೇ ಕೇಳದ ಸಣ್ಣ ನರ್ಸಿಂಗ್ ಹೋಮ್‌ಗಳೋ, ಮನೆಮನೆಗೆ ಕಳುಹಿಸುವ ಬ್ಯೂರೋಗಳೋ ಅವಳನ್ನು ಬರಮಾಡಿಕೊಳ್ಳುವುದೂ ಇದೇ ಹೊತ್ತಿನಲ್ಲಿ. ಊರು ಬಿಡುವ ಮೊದಲೇ ಹೆಸರು ಸರಿಪಡಿಸಿಕೊಂಡು, ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿ ಬಂದರೆ ಅರ್ಧ ಕಷ್ಟ ತಪ್ಪುತ್ತದೆ. ಈ ಒಂದು ಮಾತನ್ನು ಊರಿನ ನರ್ಸಿಂಗ್ ಕಾಲೇಜುಗಳಿಗೆ ತಲುಪಿಸಲು ನಮ್ಮ ಸಂಘಗಳಿಗೆ ಸಾಧ್ಯವಿಲ್ಲವೇ?

ಎರಡನೆಯದು ಬಾಂಡ್ ಮತ್ತು ಮೂಲ ಸರ್ಟಿಫಿಕೇಟು. ಕೆಲಸಕ್ಕೆ ಸೇರುವಾಗ ಮೂಲ ಪ್ರತಿಗಳನ್ನು ಒಪ್ಪಿಸಿ, ಇಷ್ಟು ವರ್ಷ ಬಿಡುವಂತಿಲ್ಲವೆಂದು ಸಹಿ ಹಾಕಿ, ಅನಂತರ ತಂದೆಗೆ ಹುಷಾರಿಲ್ಲವೆಂದು ಊರಿಗೆ ಹೊರಟರೂ ಕಾಗದ ಬಿಡಿಸಿಕೊಳ್ಳಲು ಹಣ ಕಟ್ಟಬೇಕಾದ ಕಥೆಗಳು ಕಡಿಮೆಯೇನಲ್ಲ. 2011ರಲ್ಲಿ ಮುಂಬಯಿ, ದಿಲ್ಲಿಯ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರಕ್ಕಿಳಿದುದು ಈ ಪದ್ಧತಿಯ ವಿರುದ್ಧವೇ. ತೋರಿಸಲು ಮೂಲ ಪ್ರತಿ, ಕೊಡಲು ಜೆರಾಕ್ಸ್ ಪ್ರತಿ ಎಂಬ ಎಚ್ಚರವನ್ನು ಮೊದಲ ದಿನವೇ ಹೇಳುವ ಒಬ್ಬ ಹಿರಿಯರು ಬೇಕು. ಸಂಬಳದ ವಿಚಾರದಲ್ಲೂ ಅಷ್ಟೇ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಲ್ಲಿ ಸರಕಾರಿ ದಾದಿಯ ಸಮಾನ ಸಂಬಳ ನೀಡಬೇಕೆಂದೂ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ, ಜಾರಿ ರಾಜ್ಯಗಳ ಕೈಯಲ್ಲಿದೆ ಎಂಬುದು ನಿಜ. ಆದರೂ ತನ್ನ ದುಡಿಮೆಯ ಬೆಲೆ ಎಷ್ಟೆಂದು ತಿಳಿದವಳು ಸಹಿ ಹಾಕುವ ಮೊದಲು ಒಮ್ಮೆ ಯೋಚಿಸುತ್ತಾಳೆ. ರೈಲ್ವೆ, ಇಎಸ್ಐ, ಏಮ್ಸ್‌ನಂತಹ ಕೇಂದ್ರದ ಸಂಸ್ಥೆಗಳ ಪರೀಕ್ಷೆಗೆ ಕರ್ನಾಟಕದ ನೋಂದಣಿಯಿದ್ದರೂ ಕುಳಿತುಕೊಳ್ಳಬಹುದೆಂಬ ಮಾಹಿತಿಯೂ ಎಷ್ಟೋ ಮಂದಿಗೆ ಇಲ್ಲ.

ಮೂರನೆಯದು ಭಾಷೆ. ವಾರ್ಡಿನಲ್ಲಿ ಮಲಗಿರುವ ಅಜ್ಜಿ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನರಳುವುದಿಲ್ಲ. 'ತಾಪ್' ಎಂದರೆ ಮರಾಠಿಯಲ್ಲಿ ಜ್ವರ, 'ಧಾಪ್' ಎಂದರೆ ಏದುಸಿರು. ಒಂದಕ್ಕೆ ಮಾತ್ರೆ ಸಾಕು, ಇನ್ನೊಂದಕ್ಕೆ ಆಮ್ಲಜನಕವೇ ಬೇಕಾದೀತು. ಒಂದಕ್ಷರದ ಅಂತರ ರಾತ್ರಿ ಎರಡು ಗಂಟೆಗೆ ಒಂದು ಪ್ರಾಣದ ಅಂತರವಾಗಬಹುದು. ಎಲ್ಲಿ ನೋಯುತ್ತಿದೆ, ಮೂತ್ರ ಹೋಯಿತೇ, ತಲೆ ಸುತ್ತುತ್ತಿದೆಯೇ ಎಂದು ಕೇಳಲು ಬೇಕಾದ ನೂರಿನ್ನೂರು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿ ಕೈಗಿತ್ತರೆ ಅದು ಯಾವ ಸ್ಮರಣ ಸಂಚಿಕೆಗೂ ಕಡಿಮೆಯಿಲ್ಲದ ಸಾಹಿತ್ಯ ಸೇವೆ. ಇಲ್ಲೇ ಹುಟ್ಟಿ ಬೆಳೆದು ಮರಾಠಿಯನ್ನು ನೀರು ಕುಡಿದಂತೆ ಆಡುವ ನಮ್ಮ ಮಕ್ಕಳು ಭಾನುವಾರ ಒಂದು ಗಂಟೆ ಕಲಿಸಬಲ್ಲರು.

ಎಲ್ಲಕ್ಕಿಂತ ಮುಖ್ಯವಾದುದು ಸುರಕ್ಷತೆ. ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಬಂದು ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರನ್ನು ನಾವು ಮರೆಯುವಂತಿಲ್ಲ. 1973ರ ನವೆಂಬರ್ 27ರಂದು ಕೆಲಸದ ಜಾಗದಲ್ಲೇ ದೌರ್ಜನ್ಯಕ್ಕೊಳಗಾದ ಆಕೆ 2015ರ ಮೇ 18ರಂದು ಕಣ್ಮುಚ್ಚುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಉಳಿದರು. ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ಮಗುವಿನಂತೆ ನೋಡಿಕೊಂಡವರು ಅಲ್ಲಿನ ದಾದಿಯರು. ದಯಾಮರಣದ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಆ ಸಿಬ್ಬಂದಿಯನ್ನೇ ಆಕೆಯ ಆಪ್ತರೆಂದು ಪರಿಗಣಿಸಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತಾದ ಯುವ ವೈದ್ಯೆಯ ಹತ್ಯೆಯ ವಿಚಾರಣೆಯಲ್ಲಿ ಅದೇ ನ್ಯಾಯಾಲಯ ಮತ್ತೆ ಅರುಣಾ ಅವರ ಹೆಸರನ್ನು ಎತ್ತಬೇಕಾಗಿ ಬಂತು. ಅರ್ಧ ಶತಮಾನ ಕಳೆದರೂ ಪ್ರಶ್ನೆ ಹಾಗೇ ಉಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆಸ್ಪತ್ರೆಯೊಳಗಿನ ಭದ್ರತೆ ಆಡಳಿತದ ಹೊಣೆ. ಆದರೆ ಬಟ್ಟೆ ಬದಲಿಸಲು ಬೀಗವಿರುವ ಕೋಣೆಯಿದೆಯೇ, ರಾತ್ರಿ ಪಾಳಿ ಮುಗಿದ ಮೇಲೆ ಹೋಗಲು ವ್ಯವಸ್ಥೆಯಿದೆಯೇ ಎಂದು ಕೇಳುವ ಧೈರ್ಯ ಹೊಸಬಳಿಗೆ ಬರಬೇಕಾದರೆ ಅವಳ ಬೆನ್ನಿಗೆ ಯಾರೋ ಇದ್ದಾರೆಂಬ ಭಾವನೆ ಬೇಕು. 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ಇವರಿಗಾಗಿ ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ದೇಶದ ಹಲವೆಡೆ ದಾದಿಯರಿಗೆ ಬಾಡಿಗೆ ಕೋಣೆ ಖಾಲಿ ಮಾಡಿರೆಂದು ಹೇಳಿದವರೂ ನಮ್ಮಂತಹ ಗೃಹಸ್ಥರೇ.

ಸಂಘಗಳಿಗೆ ನಮ್ಮ ಮನವಿ ಇಷ್ಟೇ. ಡೊಂಬಿವಲಿ, ಥಾಣೆ, ಮೀರಾರೋಡ್, ನವಿಮುಂಬಯಿ ಎಲ್ಲೇ ಇರಲಿ, ಮಹಿಳಾ ವಿಭಾಗದವರು ತಮ್ಮ ಪರಿಸರದ ನಿವೃತ್ತ ದಾದಿಯರಲ್ಲಿ ಇಬ್ಬರನ್ನು ಕೇಳಿಕೊಳ್ಳಲಿ. ಒಂದು ಫೋನ್ ನಂಬರು, ಬೇಕಾದ ಕಾಗದಗಳ ಒಂದು ಪಟ್ಟಿ, ನಂಬಿಕಸ್ಥ ಮನೆಗಳ ನಾಲ್ಕು ವಿಳಾಸ ಸಿದ್ಧವಾಗಲಿ. ಇದಕ್ಕೆ ಸಭಾಭವನವಾಗಲಿ ದೇಣಿಗೆಯಾಗಲಿ ಬೇಡ. ಯಾವ ಜಾತಿ, ಯಾವ ತಾಲೂಕು ಎಂದು ಕೇಳುವ ಅಭ್ಯಾಸವೊಂದನ್ನು ಬಿಟ್ಟರೆ ಸಾಕು. ಏಕೆಂದರೆ ರೋಗಿಯ ಹಾಸಿಗೆಯ ಬಳಿ ಆ ಹುಡುಗಿಯೂ ಅದನ್ನು ಕೇಳುವುದಿಲ್ಲ.

ಮುಂದಿನ ಮೇ 12ರಂದೂ ಹಿರಿಯರಿಗೆ ಶಾಲು ಹೊದಿಸೋಣ. ಆದರೆ ಆ ಸಭೆಯ ಮುಂದಿನ ಸಾಲಿನಲ್ಲಿ ಈ ವರ್ಷ ಊರಿನಿಂದ ಬಂದ ನಾಲ್ಕು ಮಂದಿ ಹೊಸ ದಾದಿಯರೂ ಕುಳಿತಿರಲಿ.