ರಾಡಿಯಲ್ಲಿ ಸಿಕ್ಕ ಟ್ರ್ಯಾಕ್ಟರಿಗೆ ಇನ್ನೊಂದು ಟ್ರ್ಯಾಕ್ಟರ್ ಮದ್ದಲ್ಲ

ನಮ್ಮ ಕೌಜಲಗಿ ಸೀಮೆಯ ಎರಿ ಮಣ್ಣಿಗೆ ಎರಡು ಗುಣ. ಬಿಸಿಲಿಗೆ ಬಾಯಿ ಬಿಡುತ್ತದೆ, ಮಳೆಗೆ ಕಾಲು ಹಿಡಿಯುತ್ತದೆ. ಬಿಳಿಜೋಳ, ಕಡಲೆ, ಕುಸುಬೆಗೆ ಇದೇ ಮಣ್ಣು ತಾಯಿ ಇದ್ದ ಹಾಗೆ. ಆದರೆ ಹಸ್ತಾ, ಚಿತ್ತಿ ಮಳೆ ಚೆನ್ನಾಗಿ ಬಿದ್ದ ಮೇಲೆ ಹತ್ತು ಟನ್ ಕಬ್ಬು ಹೇರಿದ ಟ್ರಾಲಿ ಇದರ ಮೇಲೆ ಬಂದರೆ ಮುಗಿಯಿತು, ಗಾಲಿ ಗಪ್ಪನೆ ಒಳಗೆ. ಕಾರ್ಖಾನೆಗಳ ಹಂಗಾಮು ಶುರುವಾಗುವುದು ಅಕ್ಟೋಬರ್-ನವೆಂಬರಿನಲ್ಲಿ. ಹಿಂಗಾರಿ ಮಳೆ ಬೀಳುವುದೂ ಆವಾಗಲೇ. ಹಾಗಾಗಿ ಇದು ಎಂದೋ ಒಮ್ಮೆ ಬರುವ ತೊಂದರೆ ಅಲ್ಲ, ವರ್ಷಾ ಬರುವ ತೊಂದರೆ.

ನಾನು ಒಣಬೇಸಾಯದವ. ನನಗೆ ಕಬ್ಬೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ‘ನಿನಗ್ಯಾಕಪ್ಪ ಈ ಉಸಾಬರಿ’ ಎಂದು ಕೇಳಬಹುದು. ಕಬ್ಬಿನ ಹೊಲಕ್ಕೂ ಡಾಂಬರ ರಸ್ತೆಗೂ ನಡುವೆ ಇರುವುದು ನನ್ನಂಥವರ ಜೋಳದ ಹೊಲ. ಸಿಕ್ಕ ಗಾಡಿ ಜಗ್ಗಲು ಬರುವ ಟ್ರ್ಯಾಕ್ಟರುಗಳು ತಿರುಗುವುದು ನಮ್ಮ ಬಿತ್ತಿದ ಸಾಲಿನ ಮೇಲೆ. ಇದು ಒಂದು ಕಾರಣ. ಇನ್ನೊಂದು, ನನ್ನ ತಮ್ಮನ ಮಗ ಬೇರೆಯವರ ಟ್ರ್ಯಾಕ್ಟರ್ ಹೊಡೆದು ಹೊಟ್ಟೆ ತುಂಬಿಸಿಕೊಳ್ಳುವವ. ಅಂಥ ಹುಡುಗರು ಪ್ರತಿ ಊರಿನಲ್ಲಿ ಹತ್ತಾರು ಮಂದಿ ಇದ್ದಾರೆ. ಜೀವ ಹೋಗುವುದು ಕಬ್ಬಿನ ಮಾಲಕನದ್ದಲ್ಲ, ಸೀಟಿನ ಮೇಲೆ ಕೂತ ಈ ಹುಡುಗರದ್ದು.

ಗಾಡಿ ಸಿಕ್ಕ ಕೂಡಲೇ ನಮ್ಮಲ್ಲಿ ಬರುವ ಮಾತು ಒಂದೇ: ‘ಕಬ್ಬು ಇಳಸೂದು ಬ್ಯಾಡೋ, ಮುಂದ ಇನ್ನೊಂದು ಟ್ರ್ಯಾಕ್ಟರ್ ಹಚ್ಚು, ಜಗ್ಗಿ ಒಗೀತೈತಿ.’ ಅದೂ ಆಗದಿದ್ದರೆ ಮೂರನೆಯದು. ಚೈನು ಸಡಿಲ ಬಿಟ್ಟು ಓಡಿಸಿ ಹೊಡೆತ ಕೊಟ್ಟು ಜಗ್ಗುವುದು. ಒಂದು ವರ್ಷ ನನ್ನ ಹೊಲದ ಬದುವಿನ ಹತ್ತಿರ ಹೀಗೆ ಜಗ್ಗುವಾಗ ಚೈನು ಕಡಿದು, ಅದರ ಒಂದು ಕೊಂಡಿ ಬೇವಿನ ಗಿಡದ ತೊಗಟೆಯೊಳಗೆ ಹೋಗಿ ಕೂತಿತು. ಆ ಗಿಡದ ಪಕ್ಕದಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಕ್ಕಳು ನಿಂತಿದ್ದರು. ಯಾರ ಗಾಡಿ, ಯಾರ ಕಬ್ಬು ಎಂಬುದು ಇಲ್ಲಿ ಮುಖ್ಯವಲ್ಲ.

ಚೈನು ಕಡಿಯುವುದಕ್ಕಿಂತ ದೊಡ್ಡ ಅಪಾಯ ಟ್ರ್ಯಾಕ್ಟರ್ ಹಿಂದಕ್ಕೆ ಪಲ್ಟಿ ಆಗುವುದು. ಹಿಂದಿನ ಗಾಲಿ ತಿರುಗದೆ ಕಚ್ಚಿ ನಿಂತಾಗ ಇಂಜಿನ್ನಿನ ಜೋರು ಟ್ರ್ಯಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ. ಚೈನನ್ನು ಕೆಳಗಿನ ಡ್ರಾಬಾರಿಗೆ ಕಟ್ಟದೆ ಟಾಪ್ ಲಿಂಕಿಗೆ ಅಥವಾ ಆಕ್ಸಲ್ಲಿಗಿಂತ ಮೇಲೆ ಕಟ್ಟಿದ್ದರೆ ಇನ್ನೂ ಬೇಗ ಏಳುತ್ತದೆ. ಮುಕ್ಕಾಲು ಸೆಕೆಂಡಿನೊಳಗೆ ಕ್ಲಚ್ ಒತ್ತದಿದ್ದರೆ ಉಳಿಗಾಲವಿಲ್ಲ, ಒಂದೂವರೆ ಸೆಕೆಂಡಿಗೆ ಟ್ರ್ಯಾಕ್ಟರ್ ಡ್ರೈವರನ ಮೇಲೆ ಬಿದ್ದಿರುತ್ತದೆ. ಮೂತಿ ಎದ್ದಿತು ಎಂದು ತಿಳಿಯುವಷ್ಟರಲ್ಲೇ ಆ ಹೊತ್ತು ಕಳೆದುಹೋಗುತ್ತದೆ. ಸಿಕ್ಕ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ತೊಲೆ ಕಟ್ಟಿ ಮುಂದಕ್ಕೆ ಹೊಡೆಯುವುದೂ ಇದೇ ಸಾವಿನ ದಾರಿ.

ಲೆಕ್ಕ ಹಾಕಿ ನೋಡೋಣ

ನಾನು ಓದಿದ್ದು ಏಳನೆತ್ತ. ಈ ಲೆಕ್ಕಕ್ಕೆ ಅಷ್ಟು ಸಾಕು. ಗಾಲಿಯಷ್ಟು ಹುಗಿದ ಗಾಡಿಯನ್ನು ಹೊರಗೆ ಜಗ್ಗಲು ಹೆಚ್ಚು ಕಡಿಮೆ ಅದರ ಭಾರದಷ್ಟೇ ಜಗ್ಗುವ ಬಲ ಬೇಕು. ಮಡ್‌ಗಾರ್ಡ್ ತನಕ ಹುಗಿದಿದ್ದರೆ ಅದರ ಎರಡು ಪಟ್ಟು. ಹತ್ತು ಟನ್ ಕಬ್ಬು, ಟ್ರಾಲಿಯದ್ದು ಸುಮಾರು ಎರಡು ಟನ್, ಕೂಡಿ ಹನ್ನೆರಡು ಟನ್. ಎರಡು ಟನ್ ತೂಗುವ ಟ್ರ್ಯಾಕ್ಟರ್ ರಾಡಿಯಲ್ಲಿ ನಿಂತು ಹನ್ನೆರಡು ಟನ್ ಜಗ್ಗಲು ಎಲ್ಲಿಂದ ಸಾಧ್ಯ? ಅದು ತಾನೂ ಹುಗಿಯುತ್ತದೆ, ಇಲ್ಲವೆ ಏಳುತ್ತದೆ. ಅದೇ ಕಬ್ಬು ಇಳಿಸಿದರೆ ಉಳಿಯುವುದು ಎರಡು ಟನ್ ಟ್ರಾಲಿ, ಎರಡು ಟನ್ ಟ್ರ್ಯಾಕ್ಟರ್. ಎರಡನ್ನೂ ಬಿಡಿಸಿ ಬೇರೆ ಬೇರೆ ತೆಗೆದರೆ ಕೆಲಸ ಮನುಷ್ಯರ ಕೈಗೆ ಬರುತ್ತದೆ.

ಹಾಗಾಗಿ ಮೊದಲು ಇಳಿಸಿ, ಆಮೇಲೆ ಜಗ್ಗಿ. ಮತ್ತೆ ಹೇರುವ ಕೂಲಿ ದಂಡ ಎಂದು ಮಾಲಕರು ಸಿಟ್ಟಾಗುತ್ತಾರೆ. ಆದರೆ ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಹೋಗಬೇಕು, ತಡವಾದಷ್ಟೂ ತೂಕವೂ ಇಳುವರಿಯೂ ಕಡಿಮೆ. ಇಳಿಸದೆ ರಾತ್ರಿಯಿಡೀ ಜಗ್ಗಾಡಿ ಮುಂಜಾನೆ ಇಳಿಸುವುದಕ್ಕಿಂತ ಸಂಜೆಗೇ ಇಳಿಸುವುದು ಲಾಭ.

ಯಾವ ವಿಂಚ್?

ವಿಂಚ್ ಎಂದರೆ ಉಕ್ಕಿನ ಹಗ್ಗವನ್ನು ನಿಧಾನಕ್ಕೆ, ಹೊಡೆತವಿಲ್ಲದೆ ಜಗ್ಗುವ ಯಂತ್ರ. ಇದರಲ್ಲಿ ನಾಲ್ಕು ಬಗೆ ನೋಡುತ್ತೇವೆ.

ಬೋರಿನ ಮೋಟಾರು ಎತ್ತುವ ಚೈನ್ ಪುಲ್ಲಿ ಹಲವರ ಮನೆಯಲ್ಲಿದೆ. ಅದು ನೆಟ್ಟಗೆ ಮೇಲೆತ್ತಲು ಮಾಡಿದ್ದು. ಅಡ್ಡ ಜಗ್ಗಿದರೆ ಚೈನು ಹಲ್ಲು ಬಿಟ್ಟು ಸಿಕ್ಕಿಕೊಳ್ಳುತ್ತದೆ, ಹತ್ತು ಅಡಿ ಜಗ್ಗುವಷ್ಟರಲ್ಲಿ ಚೈನೇ ಮುಗಿಯುತ್ತದೆ.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ತೆಳು ತಂತಿ ಸುತ್ತಿದ ಕೈ ಪುಲ್ಲರ್ ಬೇಲಿ ತಂತಿ ಬಿಗಿಯಲು ಸರಿ, ಟ್ರ್ಯಾಕ್ಟರಿಗೆ ಅಲ್ಲ.

ಜೀಪಿನ ಮೂತಿಗೆ ಕೂರಿಸುವ 12 ವೋಲ್ಟಿನ ಕರೆಂಟ್ ವಿಂಚ್ ಕಾಡುಗುಡ್ಡ ಹತ್ತುವ ಜೀಪುಗಳಿಗೆ ಒಳ್ಳೆಯದು. ಅದರ ಮೇಲೆ 12000 ಪೌಂಡ್, ಅಂದರೆ ಸುಮಾರು 5400 ಕಿಲೊ ಎಂದು ಬರೆದಿದ್ದರೆ ಆ ಬಲ ಸಿಗುವುದು ಉರುಳೆಯ ಮೇಲೆ ಹಗ್ಗದ ಒಂದೇ ಸುತ್ತು-ಪದರ ಉಳಿದಾಗ ಮಾತ್ರ. ಪದರ ಹೆಚ್ಚಿದಂತೆ ಬಲ ಇಳಿಯುತ್ತದೆ. ಪೂರ್ತಿ ಜೋರಿನಲ್ಲಿ ಅದು 400 ಆಂಪಿಯರ್ ತನಕ ಕುಡಿಯುತ್ತದೆ, ನಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಕೆಲವೇ ನಿಮಿಷಕ್ಕೆ ಮಲಗುತ್ತದೆ.

ನಮಗೆ ತಕ್ಕದ್ದು ಕೈಯಿಂದ ಹ್ಯಾಂಡಲ್ ಆಡಿಸುವ ಹಗ್ಗದ ಯಂತ್ರ. ಇದಕ್ಕೆ ಟಿರ್ಫರ್ ಎಂದೂ ಕರೆಯುತ್ತಾರೆ. ಇದರಲ್ಲಿ ಉರುಳೆ ಇಲ್ಲ. ನಾವು ಬಾವಿಯ ಹಗ್ಗವನ್ನು ಒಂದು ಕೈ ಹಿಡಿದು ಇನ್ನೊಂದು ಕೈ ಬಿಟ್ಟು ಜಗ್ಗುವ ಹಾಗೆ ಒಳಗಿನ ಎರಡು ಹಿಡಿಕೆಗಳು ಹಗ್ಗವನ್ನು ಸರದಿಯಂತೆ ಜಗ್ಗುತ್ತವೆ. ಹಗ್ಗ ಎಷ್ಟು ಉದ್ದ ಇದ್ದರೂ ಬಲ ಅಷ್ಟೇ. ಕರೆಂಟ್ ಬೇಡ, ಎಣ್ಣೆ ಬೇಡ. 1.6 ಟನ್ನಿನದ್ದು ಹಗ್ಗ ಬಿಟ್ಟು ಸುಮಾರು 18 ಕಿಲೊ, 3.2 ಟನ್ನಿನದ್ದು ಸುಮಾರು 27 ಕಿಲೊ. ಒಂದು ಸಲ ಆಡಿಸಿದರೆ ಒಂದೆರಡು ಇಂಚು ಬರುತ್ತದೆ. ನಿಧಾನವೇ ಇದರ ಗುಣ, ಯಾವ ಹೊತ್ತಿಗೂ ನಿಲ್ಲಿಸಬಹುದು.

ಸಿಕ್ಕ ಗಾಡಿಯ ಭಾರದ ಒಂದೂವರೆ ಪಟ್ಟು ಬಲದ ಯಂತ್ರ ಇರಬೇಕು ಎಂಬುದು ರೂಢಿಯ ಲೆಕ್ಕ. ಎರಡು ಟನ್ ಟ್ರ್ಯಾಕ್ಟರಿಗೆ ಮೂರು ಟನ್. ಖಾಲಿ ಪಿಕಪ್ಪಿಗೂ ಅದೇ ಸಾಕು. ಜೊತೆಗೆ ಬಾಯಿ ತೆರೆಯುವ ಒಂದು ಗಟ್ಟಿ ಗಡಗಡಿ ಬೇಕೇ ಬೇಕು. ಹಗ್ಗವನ್ನು ಗಾಡಿಗೆ ಕಟ್ಟಿದ ಗಡಗಡಿಯಲ್ಲಿ ಹಾಯಿಸಿ ತುದಿಯನ್ನು ಮತ್ತೆ ಗಿಡಕ್ಕೆ ಕಟ್ಟಿದರೆ ಬಲ ಸುಮಾರು ಎರಡರಷ್ಟಾಗುತ್ತದೆ, ವೇಗ ಅರ್ಧ. ಹಗ್ಗ ಆ ಯಂತ್ರಕ್ಕೆ ಹೇಳಿದ ದಪ್ಪದ್ದೇ ಇರಲಿ.

ಬಳಸುವ ರೀತಿ

ಮೊದಲು ಸಲಿಕೆ, ಆಮೇಲೆ ವಿಂಚ್. ಗಾಲಿಯ ಮುಂದಿನ ರಾಡಿ, ಆಕ್ಸಲ್ಲಿನ ಕೆಳಗಿನ ರಾಡಿ ತೆಗೆದು ಇಳಿಜಾರು ಮಾಡಿ. ಕಬ್ಬಿನ ರವದಿ, ಜೋಳದ ಕಣಿಕೆ ಹಾಸಿ. ಅರ್ಧ ತಾಸು ಅಗೆದರೆ ಅರ್ಧ ಭಾರ ಕಡಿಮೆ ಆಗುತ್ತದೆ.

ಗಿಡಕ್ಕೆ ಕಟ್ಟುವಾಗ ಬುಡದ ಹತ್ತಿರ ಕಟ್ಟಿ, ಗೋಣಿಚೀಲ ಸುತ್ತಿ ಅಗಲ ಬೆಲ್ಟ್ ಹಾಕಿ. ಉಕ್ಕಿನ ಹಗ್ಗವನ್ನೇ ಸುತ್ತಿದರೆ ಗಿಡ ಸಾಯುತ್ತದೆ. ಬಯಲು ಎರಿಯಲ್ಲಿ ಗಿಡ ಎಲ್ಲಿದೆ ಎಂದರೆ, ಮೂರು-ನಾಲ್ಕು ಅಡಿ ಗುಂಡಿ ತೋಡಿ ಗಟ್ಟಿ ತೊಲೆಯನ್ನು ಅಡ್ಡ ಹೂತು, ಹಗ್ಗ ಹೊರಬರಲು ಓರೆಯಾಗಿ ಸಾಲು ಕಡಿಯಿರಿ. ಇಲ್ಲವೆ ಗಟ್ಟಿ ರಸ್ತೆಯ ಮೇಲೆ ಇನ್ನೊಂದು ಟ್ರ್ಯಾಕ್ಟರ್ ನಿಲ್ಲಿಸಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಅದಕ್ಕೆ ಕಟ್ಟಿ. ಆ ಟ್ರ್ಯಾಕ್ಟರ್ ಅಲ್ಲಿ ಗೂಟ ಮಾತ್ರ, ಜಗ್ಗುವುದಲ್ಲ.

ಹಗ್ಗದ ನೇರಕ್ಕೆ, ಗಡಗಡಿ ಮಾಡುವ ಕೋನದ ಒಳಗೆ ಯಾರೂ ನಿಲ್ಲಬಾರದು. ಬಿಗಿಯಾದ ಹಗ್ಗದ ನಡುವೆ ಒದ್ದೆ ಕಂಬಳಿ ಹಾಕಿ. ಕಡಿದರೂ ಅದು ಹಾರುವ ಜೋರು ತಗ್ಗುತ್ತದೆ. ಹ್ಯಾಂಡಲಿಗೆ ಪೈಪು ಸೇರಿಸಿ ಉದ್ದ ಮಾಡಬೇಡಿ. ಭಾರ ಮೀರಿದರೆ ಮುರಿಯಲೆಂದೇ ಯಂತ್ರದಲ್ಲಿ ಮೆತ್ತನೆಯ ಪಿನ್ನು ಇಟ್ಟಿರುತ್ತಾರೆ. ಅದು ಮುರಿದರೆ ಮೊಳೆ ಬಡಿಯದೆ ಅಂಥದೇ ಪಿನ್ನು ಹಾಕಿ. ಪಿನ್ನು ‘ಇನ್ನೂ ಅಗೆಯಿರಿ’ ಎಂದು ಹೇಳುತ್ತಿದೆ ಎಂದು ತಿಳಿಯಿರಿ. ಎಳೆ ಹರಿದ ಹಗ್ಗ ಗುಜರಿಗೆ ಹೋಗಲಿ.

ಯಾರು ಕೊಳ್ಳಬೇಕು?

‘ಜೆಸಿಬಿ ಕರೆದರಾಯಿತು’ ಎನ್ನುವವರಿದ್ದಾರೆ. ಹತ್ತಿರ ಇದ್ದರೆ ಕರೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಹಿಂಗಾರಿಯಲ್ಲಿ ಒಂದೇ ರಾತ್ರಿ ನಾಲ್ಕು ಕಡೆ ಗಾಡಿ ಸಿಕ್ಕಾಗ ಅದು ಯಾರಿಗೆ ಬರುತ್ತದೆ? ಬಂದರೂ ನಮ್ಮ ಹೊಲ ತುಳಿದೇ ಬರಬೇಕು. ಕೈ ಯಂತ್ರವನ್ನು ಇಬ್ಬರು ಬದುವಿನ ಮೇಲೆ ಹೊತ್ತು ತರಬಹುದು.

ಒಬ್ಬೊಬ್ಬರೂ ಕೊಳ್ಳುವ ಸಾಮಾನು ಇದಲ್ಲ, ಊರಿಗೊಂದು ಸಾಕು. ಮದುವೆಗೆ ಗುಡಿಯ ಹಂಡೆ, ಕೊಪ್ಪರಿಗೆ ಒಯ್ಯುತ್ತೇವೆ, ತೊಳೆದು ಎಣಿಸಿ ತಿರುಗಿ ಕೊಡುತ್ತೇವೆ. ವಿಂಚಿಗೂ ಅದೇ ರೀತಿ ಮಾಡೋಣ. ಸೊಸಾಯಿಟಿಯ ಗೋದಾಮಿನಲ್ಲಿ ಇರಲಿ, ಒಯ್ದವನ ಹೆಸರು ಬರೆಯಲಿ, ಸಣ್ಣ ಬಾಡಿಗೆ ಹಗ್ಗದ ಖರ್ಚಿಗೆ ಆಗಲಿ, ರಾಡಿ ಒರೆಸಿ ಎಣ್ಣೆ ಹಚ್ಚಿ ತಿರುಗಿ ಬರಲಿ. ಹೆಚ್ಚಿನ ಪಾಲು ಕಬ್ಬಿನವರೂ ಟ್ರ್ಯಾಕ್ಟರ್ ಮಾಲಕರೂ ಹಾಕಲಿ. ನಾವು ಒಣಬೇಸಾಯದವರೂ ಕೈಲಾದಷ್ಟು ಹಾಕೋಣ, ಉಳಿಯುವುದು ನಮ್ಮ ಜೋಳವೂ ಹೌದು. ಸರಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಶುರು ಮಾಡಿ ಹೋಬಳಿಗಳಲ್ಲಿ ಯಂತ್ರ ಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡಿತು. ಬಿತ್ತುವ, ಹರಗುವ ಯಂತ್ರಗಳ ಪಕ್ಕದಲ್ಲಿ ಎರಿ ಸೀಮೆಯ ಹೋಬಳಿಗಳಿಗೆ ಇದನ್ನೂ ಇಡಲಿ ಎಂದು ನಾವು ಕೇಳಬೇಕು.

2025ರ ನವೆಂಬರಿನಲ್ಲಿ ನಮ್ಮ ಪಕ್ಕದ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲೂ ರಾತ್ರಿ ಕೂತು ಟನ್ನಿಗೆ 3300 ರೂಪಾಯಿ ದರ ಪಡೆದರು. ಒಗ್ಗಟ್ಟಿಗೆ ಅಷ್ಟು ಬಲವಿದೆ. ಆ ಒಗ್ಗಟ್ಟಿನಲ್ಲಿ ಒಂದು ಚೂರು ಈ ಡ್ರೈವರ್ ಹುಡುಗರಿಗೂ ಬರಲಿ. ಮುಂದಿನ ಹಸ್ತಾ ಮಳೆಗೆ ಮುಂಚೆ ನಿಮ್ಮ ಸೊಸಾಯಿಟಿ ಸಭೆಯಲ್ಲಿ ಈ ಮಾತು ಎತ್ತಿರಿ. ವಿಂಚ್ ಬರುವ ತನಕ ಒಂದು ಕಟ್ಟಳೆಯನ್ನಾದರೂ ಮಾಡಿ: ಸಿಕ್ಕ ಟ್ರಾಲಿಯ ಕಬ್ಬು ಇಳಿಸುವ ತನಕ ಯಾವ ಹುಡುಗನೂ ಟ್ರ್ಯಾಕ್ಟರ್ ಏರಬಾರದು. ಇದಕ್ಕೆ ದುಡ್ಡು ಬೇಕಿಲ್ಲ. ಇಂಥ ಯಂತ್ರ ಬಳಸಿದ ರೈತರು ಯಾರಾದರೂ ಇದ್ದರೆ ಅನುಭವ ಬರೆಯಿರಿ, ನಮಗೂ ತಿಳಿಯಲಿ.