ಎದೆನೋವಿಗೆ ಬೆಂಗಳೂರೇ ಔಷಧವೆ?

ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದಿರುವಾಗ ಕೆ.ಜಿ.ಎಫ್., ಬಂಗಾರಪೇಟೆಗಳ ಜನಕ್ಕೆ ಹೃದ್ರೋಗಚಿಕಿತ್ಸೆಯ ಚಿಂತೆ ಏತಕ್ಕೆ, ನೇರವಾಗಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದೊಯ್ದರಾಯಿತು ಎಂದು ಉಪದೇಶಿಸುವ ಮಹನೀಯರು, ಸಂಜೆಯ ಹೊತ್ತು ಕೆ.ಆರ್. ಪುರದ ವಾಹನಸಾಗರದ ನಡುವೆ ಆಂಬುಲೆನ್ಸೊಂದು ಕೂಗಿಕೊಳ್ಳುತ್ತ ನಿಂತಲ್ಲೇ ನಿಂತಿರುವುದನ್ನು ಎಂದೂ ಕಂಡವರಲ್ಲ.

ಅಮೆರಿಕದ ಹೃದ್ರೋಗತಜ್ಞರ ಸಂಸ್ಥೆಗಳು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ, ನಮ್ಮ ವೈದ್ಯರೂ ಪ್ರಮಾಣವೆಂದು ಓದುವ ಪರಿಷ್ಕೃತ ಮಾರ್ಗಸೂಚಿಯಲ್ಲಿ ಹೃದಯಾಘಾತದ ಚಿಕಿತ್ಸೆಯ ವಿಷಯ ನಿಸ್ಸಂದಿಗ್ಧವಾಗಿದೆ. ರೋಗಿಯನ್ನು ಕಂಡ 10 ನಿಮಿಷದೊಳಗೆ ಇ.ಸಿ.ಜಿ. ತೆಗೆದು ಓದಿಯಾಗಬೇಕು, ರಕ್ತನಾಳ ಪೂರ್ಣ ಮುಚ್ಚಿದ ಲಕ್ಷಣ ಅದರಲ್ಲಿ ಕಂಡು, 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾಗದೆಂದು ತೋರಿದರೆ, ರಕ್ತಸ್ರಾವದ ಭಯವಿಲ್ಲದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನನ್ನು ಅಲ್ಲಿಯೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಇದು ಹೊಸ ಮಾತೂ ಅಲ್ಲ, 2013ರ ಸೂಚಿಯಲ್ಲಿಯೂ ಇತ್ತು. ಆ 120 ನಿಮಿಷಗಳೂ ಆಂಬುಲೆನ್ಸ್ ಹೊರಟಾಗಿನಿಂದ ಎಣಿಸತಕ್ಕವಲ್ಲ. ಮೊದಲ ವೈದ್ಯನ ಮುಂದೆ ರೋಗಿ ಬಂದ ಗಳಿಗೆಯಿಂದ ಹಿಡಿದು, ಬೆಂಗಳೂರಿನ ಮೇಜಿನ ಮೇಲೆ ಅವನ ರಕ್ತನಾಳ ತೆರೆಯುವವರೆಗಿನ ಲೆಕ್ಕ. ಚೀಟಿ ಬರೆಯಿಸಿ, ವಾಹನ ಹುಡುಕಿ, ನೂರು ಕಿಲೋಮೀಟರ್ ಕ್ರಮಿಸಿ, ಅಲ್ಲಿ ಮತ್ತೊಮ್ಮೆ ಸಾಲಿನಲ್ಲಿ ನಿಲ್ಲುವವನಿಗೆ 120 ನಿಮಿಷ ಎಲ್ಲಿಂದ ಬರಬೇಕು? ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಎದೆ ಹಿಡಿದುಕೊಂಡು ಬೆವರುವವನಿಗೆ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿ ಕಳೆದ ಹೊತ್ತಂತೂ ಈ ಲೆಕ್ಕಕ್ಕೆ ಮೊದಲೇ ಕಳೆದುಹೋದದ್ದು.

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, ಕೋವಿಡ್ ಲಸಿಕೆಯೇ ಕಾರಣವೆ ಎಂಬ ವಾಗ್ವಾದದಲ್ಲಿ ನಾಡೆಲ್ಲ ಮುಳುಗಿತು. ತಜ್ಞರ ಸಮಿತಿ ಆ ಶಂಕೆಗೆ ಆಧಾರ ಕಾಣಲಿಲ್ಲ. ಆ ಗದ್ದಲದಿಂದ ಹುಟ್ಟಿದ ಒಂದೇ ಒಳ್ಳೆಯ ಮಾತೆಂದರೆ, ಪುನೀತ್ ರಾಜ್‌ಕುಮಾರರ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವೆವೆಂಬ ಸರ್ಕಾರದ ಘೋಷಣೆ. ಹೊರಗೆ ಸುಮಾರು 30,000 ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನನ್ನು ಬಡವನಿಗೆ ಉಚಿತವಾಗಿ ಕೊಡುವ ಈ ಯೋಜನೆಯನ್ನು, ಸ್ಟೆಂಟಿನ ಮುಂದೆ ಇದೆಲ್ಲ ಹಳೆಯ ಕಾಲದ ಮದ್ದು ಎಂದು ತಾತ್ಸಾರ ಮಾಡುವವರು ವಿಜ್ಞಾನದ ಹೆಸರಿನಲ್ಲಿ ವಿಜ್ಞಾನಕ್ಕೇ ದ್ರೋಹ ಬಗೆಯುತ್ತಿದ್ದಾರೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬೆಂಗಳೂರಿಗಿಂತ ಮೊದಲೇ ಬಂದ ಊರು ಕೆ.ಜಿ.ಎಫ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಚಾಂಪಿಯನ್ ರೀಫ್ಸ್‌ನಲ್ಲಿದ್ದ ಗಣಿಯ ಆಸ್ಪತ್ರೆಯೂ ಅದರೊಡನೆ ಹೋಯಿತು. ಶಿಲೆಯ ಧೂಳನ್ನು ಶ್ವಾಸಕೋಶದಲ್ಲಿ ತುಂಬಿಕೊಂಡು ಚಿನ್ನ ತೆಗೆದುಕೊಟ್ಟವರ ಮಕ್ಕಳು ಇಂದು ಮಾರಿಕುಪ್ಪಂನ ಬೆಳಗಿನ ರೈಲು ಹಿಡಿದು ಕೂಲಿಗೂ ಬೆಂಗಳೂರಿಗೆ ಹೋಗಬೇಕು, ಪ್ರಾಣ ಉಳಿಸಿಕೊಳ್ಳುವುದಕ್ಕೂ ಬೆಂಗಳೂರಿಗೇ ಹೋಗಬೇಕು ಎಂಬುದು ಯಾವ ನ್ಯಾಯ?

ನಮಗೆ ಬೇಕಾದದ್ದು ಮತ್ತೊಂದು ಶಂಕುಸ್ಥಾಪನೆಯಲ್ಲ. ರಾತ್ರಿಯ ಪಾಳಿಯಲ್ಲಿ ಇ.ಸಿ.ಜಿ. ತೆಗೆಯುವವರು ಯಾರು, ಅದನ್ನು ಓದಿ ಹೇಳುವ ತಜ್ಞರು ಎಲ್ಲಿಂದ ಮಾತನಾಡುತ್ತಾರೆ, ಇಂಜೆಕ್ಷನ್ ಇಟ್ಟ ಬೀರುವಿನ ಬೀಗದ ಕೈ ಯಾರಲ್ಲಿರುತ್ತದೆ—ಈ ಮೂರನ್ನು ಕೆ.ಜಿ.ಎಫ್., ಬಂಗಾರಪೇಟೆಗಳ ಎರಡೂ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲಿ ಆರೋಗ್ಯ ಇಲಾಖೆ ಬರೆದು ಹಾಕಲಿ.